ಹನ್ನೆರಡು ಮಿಣುಕು, ಒಂದು ಟಿಕ್

ನರಕೋಶಗಳ ಹಾಗೆ ಮಿಣುಕಲಿ ಅಂತ ಹನ್ನೆರಡು ದೀಪ ಕೂರಿಸಿ ಕಟ್ಟಿದ ಈ ಬೋರ್ಡ್ ಮೊದಲ ರಾತ್ರಿಯೇ ಕೆಲಸ ಮಾಡಿತು. ತೊಂದರೆ ಶುರುವಾಗಿದ್ದೇ ಅಲ್ಲಿಂದ.

ಚಿಕ್ಕಮಗಳೂರಿನಲ್ಲಿ ನನ್ನದು ಯುಪಿಎಸ್, ಸ್ಟೆಬಿಲೈಸರ್ ರಿಪೇರಿ ಕೆಲಸ. ಏಪ್ರಿಲ್ ತುಂಬ ಸಿಡಿಲಿಗೆ ಸುಟ್ಟ ಬೋರ್ಡ್‌ಗಳು ಸಾಲಾಗಿ ಬರುತ್ತವೆ. ಮೇ ಕೊನೆಗೆ ಸ್ವಲ್ಪ ಉಸಿರು ಬಿಡಬಹುದು. ಅದೇ ಹೊತ್ತಿಗೆ ಅಕ್ಕನ ಮಗಳು ಎಂಎಸ್‌ಸಿ ರಜೆಗೆ ಬಂದಳು. ಊಟಕ್ಕೆ ಕೂತಾಗ ಅವಳದ್ದೊಂದು ಪ್ರಶ್ನೆ.

"ಮಾಮ, ನ್ಯೂರಾನ್, ಅಂದ್ರೆ ಮೆದುಳಿನ ನರಕೋಶ, ನಿಮ್ಮ ಅಂಗಡಿಗೆ ಬರೋ ಸಾಮಾನಿಗಿಂತ ಕಡೆ. ಒಂದೇ ಸಿಗ್ನಲ್ ಹತ್ತು ಸಲ ಕೊಟ್ರೆ ಹತ್ತು ಥರ ಉತ್ತರ ಕೊಡುತ್ತೆ. ಕೆಲವು ಸಲ ಉತ್ತರಾನೇ ಇಲ್ಲ. ಇಂಥವನ್ನ ಕಟ್ಟಿಕೊಂಡು ಮೆದುಳು ಹೇಗೆ ಕೆಲಸ ಮಾಡುತ್ತೆ?"

"ಒಂದನ್ನೇ ಯಾಕೆ ಕೇಳ್ತೀಯ? ಹತ್ತನ್ನ ಕೇಳಿದ್ರಾಯ್ತು" ಅಂದೆ. ಬಾಯಿಗೆ ಬಂದದ್ದು ಹೇಳಿದ್ದು. ಆದರೆ ವಿಜ್ಞಾನಿಗಳ ಜಗಳವೂ ಅಲ್ಲೇ ಇದೆಯಂತೆ. ಹತ್ತನ್ನು ಕೇಳುವುದು ಸರಿ, ಅವರಲ್ಲಿ ಏನನ್ನು ಕೇಳಬೇಕು? ಒಟ್ಟು ಎಷ್ಟು ಸಲ ಮಿಡಿದರು (ಮಿಡಿತ ಅಂದರೆ ನರಕೋಶ ಕಳಿಸುವ ಚಿಕ್ಕ ವಿದ್ಯುತ್ ತುಡಿತ) ಅಂತ ಎಣಿಸಬೇಕೋ, ಒಂದೇ ಗಳಿಗೆಯಲ್ಲಿ ಎಷ್ಟು ಮಂದಿ ಮಿಡಿದರು ಅಂತ ನೋಡಬೇಕೋ?

ಎಣಿಕೆಯ ಪಕ್ಷ ಹಳೆಯದು. 1920ರ ದಶಕದಲ್ಲಿ ಇಂಗ್ಲೆಂಡಿನ ವಿಜ್ಞಾನಿ ಏಡ್ರಿಯನ್ ಕಪ್ಪೆಯ ಸ್ನಾಯುವಿನ ನರದಿಂದ ಮಿಡಿತಗಳನ್ನು ದಾಖಲಿಸಿದ. ಸ್ನಾಯುವನ್ನು ಜಾಸ್ತಿ ಎಳೆದರೆ ಮಿಡಿತದ ಎತ್ತರ ಹೆಚ್ಚುವುದಿಲ್ಲ, ಸೆಕೆಂಡಿಗೆ ಬರುವ ಸಂಖ್ಯೆ ಹೆಚ್ಚುತ್ತದೆ. 1932ರಲ್ಲಿ ಅವನಿಗೆ ನೊಬೆಲ್ ಬಂತು. ಒಟ್ಟಿಗೆ ಮಿಡಿಯುವುದೇ ಮುಖ್ಯ ಅನ್ನುವ ಪಕ್ಷಕ್ಕೆ ದೊಡ್ಡ ಬಲ ಬಂದದ್ದು 1989ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟಿನಿಂದ. ಗ್ರೇ, ಸಿಂಗರ್ ಮತ್ತು ಜೊತೆಗಾರರು ಬೆಕ್ಕಿನ ಮೆದುಳಿನಲ್ಲಿ ನೋಡುವ ಕೆಲಸದ ಭಾಗಕ್ಕೆ ತಂತಿ ಇಟ್ಟರು. ಏಳು ಮಿಲಿಮೀಟರ್ ದೂರದ ಎರಡು ಜಾಗಗಳು. ಬೆಕ್ಕಿನ ಮುಂದೆ ಒಂದೇ ಉದ್ದನೆಯ ಬೆಳಕಿನ ಪಟ್ಟಿ ಸರಿದರೆ ಎರಡೂ ಜಾಗದ ಕೋಶಗಳು ಜೊತೆಜೊತೆಯಾಗಿ ಮಿಡಿದವು. ಅದೇ ಪಟ್ಟಿಯನ್ನು ಎರಡು ತುಂಡು ಮಾಡಿ ಎದುರುಬದುರು ದಿಕ್ಕಿಗೆ ಸರಿಸಿದರೆ ಜೊತೆ ಮುರಿಯಿತು. "ನಾವಿಬ್ಬರೂ ನೋಡುತ್ತಿರುವುದು ಒಂದೇ ವಸ್ತು" ಅನ್ನುವ ಸುದ್ದಿ ಆ ಜೊತೆಯಲ್ಲೇ ಇರಬಹುದು ಅನ್ನುವುದು ಅವರ ಊಹೆ. ಒಪ್ಪದವರು ಆಗಲೂ ಇದ್ದರು, ಈಗಲೂ ಇದ್ದಾರೆ.

ಓದಿ ಹೇಳಿದ್ದನ್ನು ಕೇಳಿ ತಲೆಯಾಡಿಸುವ ಜಾತಿ ನನ್ನದಲ್ಲ. ಕಟ್ಟಿ ನೋಡೋಣ ಅಂದೆ.

ಸೋರುವ ಕೊಡ

ನರಕೋಶವನ್ನು ನನ್ನಂಥವನಿಗೆ ಅರ್ಥವಾಗುವ ಹಾಗೆ ಮಾಡಿಟ್ಟವನು ಫ್ರಾನ್ಸಿನ ಲೂಯಿ ಲಾಪಿಕ್. 1907ರಲ್ಲೇ ಅವನು ನರವನ್ನು ಒಂದು ಸೋರುವ ಕೆಪ್ಯಾಸಿಟರ್ (ಚಾರ್ಜ್ ತುಂಬಿಡುವ ಭಾಗ) ಎಂದು ಲೆಕ್ಕ ಹಾಕಿದ್ದ. ಒಂದು ಕಡೆಯಿಂದ ಚಾರ್ಜ್ ತುಂಬುತ್ತದೆ, ಇನ್ನೊಂದು ಕಡೆಯಿಂದ ಸೋರುತ್ತದೆ. ಹೊಸ್ತಿಲು ದಾಟಿದರೆ ಒಂದು ಮಿಡಿತ, ಮತ್ತೆ ಮೊದಲಿಂದ ಶುರು. ಇದನ್ನು ಕೇಳಿದ ತಕ್ಷಣ ಯಾವ ರಿಪೇರಿಯವನಿಗಾದರೂ ನೆನಪಾಗುವುದು ಎಂಟು ಕಾಲಿನ ಒಂದು ಚಿಪ್, ಎನ್‌ಇ555 ಟೈಮರ್. ಅದರೊಳಗೆ ಹೊಸ್ತಿಲು ಕಟ್ಟಿಯೇ ಇದೆ: ಸಪ್ಲೈ ವೋಲ್ಟೇಜಿನ ಮೂರರಲ್ಲಿ ಎರಡು ಪಾಲು. ಅಲ್ಲಿಗೆ ಮುಟ್ಟಿದರೆ ಕೆಪ್ಯಾಸಿಟರ್ ಮೂರರಲ್ಲಿ ಒಂದು ಪಾಲಿಗೆ ಖಾಲಿಯಾಗುತ್ತದೆ.

ಹಳೆಯ ಯುಪಿಎಸ್‌ನ 12 ವೋಲ್ಟ್ ಬ್ಯಾಟರಿ ಒಂದು ಮೂಲೆಯಲ್ಲಿತ್ತು. ನಮ್ಮ ಕಡೆ ಮಳೆ ಶುರುವಾದ ಮೇಲೆ ಕರೆಂಟನ್ನು ನಂಬಿ ಪ್ರಯೋಗ ಮಾಡಲಾಗದು. 12 ವೋಲ್ಟಿಗೆ ಹೊಸ್ತಿಲು 8 ವೋಲ್ಟ್. ಸಪ್ಲೈಯಿಂದ ಏಳನೇ ಪಿನ್ನಿಗೆ 100ಕೆ (ಒಂದು ಲಕ್ಷ ಓಮ್) ರೆಸಿಸ್ಟರ್, ಅಲ್ಲಿಂದ ಕೆಪ್ಯಾಸಿಟರಿಗೆ 4.7ಕೆ, ಕೆಪ್ಯಾಸಿಟರ್ 10 ಮೈಕ್ರೋಫ್ಯಾರಡ್. ಸುಮಾರು ಮುಕ್ಕಾಲು ಸೆಕೆಂಡಿಗೊಮ್ಮೆ ಮಿಡಿತ. ಖಾಲಿಯಾಗಲು 33 ಮಿಲಿಸೆಕೆಂಡ್, ಅಷ್ಟು ಹೊತ್ತು ಔಟ್‌ಪುಟ್ ಕೆಳಗಿಳಿಯುತ್ತದೆ. ಸಪ್ಲೈ ಮತ್ತು ಔಟ್‌ಪುಟ್ ನಡುವೆ ಒಂದು ಬಿಳಿ ಎಲ್‌ಇಡಿ ಹಾಕಿದರೆ ಆ 33 ಮಿಲಿಸೆಕೆಂಡು ಮಾತ್ರ ಮಿಣಕ್ ಅನ್ನುತ್ತದೆ. ನಿಜವಾದ ನರಕೋಶದ ಮಿಡಿತ ಒಂದು ಮಿಲಿಸೆಕೆಂಡಿನ ಆಸುಪಾಸಿನದು. ನಮ್ಮದು ಮಂದಗತಿ, ಯಾಕೆಂದರೆ ಕಣ್ಣಿಗೆ ಕಾಣಬೇಕಲ್ಲ.

ಇಂಥವು ಹನ್ನೆರಡು, ಊಟದ ತಟ್ಟೆಯಷ್ಟು ಅಗಲದ ವೃತ್ತದಲ್ಲಿ. ಒಬ್ಬರಿಗೊಬ್ಬರು ಹೇಗೆ ಮಾತಾಡಬೇಕು? ತಂತಿ ಬೇಡ, ಬೆಳಕೇ ಸಾಕು ಅಂದಳು ಅಕ್ಕನ ಮಗಳು. ಕಿಟಕಿ ಆಚೆ ಮಿಣುಕುಹುಳಗಳು ಹಾರುತ್ತಿದ್ದವು. ಐಡಿಯಾ ಅಲ್ಲಿಂದ ಕದ್ದಿದ್ದು. ಪ್ರತಿಯೊಂದರ 100ಕೆ ಜೊತೆಗೆ ಪ್ಯಾರಲಲ್ ಆಗಿ ಬೆಳಕಿಗೆ ಸ್ಪಂದಿಸುವ ರೆಸಿಸ್ಟರ್ ಒಂದು, ಎಲ್‌ಡಿಆರ್ ಹಾಕಿದೆವು. ಪಕ್ಕದವನು ಮಿಣುಕಿದರೆ ಎಲ್‌ಡಿಆರ್‌ನ ರೆಸಿಸ್ಟೆನ್ಸ್ ಇಳಿಯುತ್ತದೆ, ಇವನ ಕೆಪ್ಯಾಸಿಟರ್ ಒಂದು ಗುಟುಕು ಜಾಸ್ತಿ ಕುಡಿಯುತ್ತದೆ, ಹೊಸ್ತಿಲಿಗೆ ಹತ್ತಿರವಾಗುತ್ತಾನೆ.

ರಾತ್ರಿ ಹತ್ತಕ್ಕೆ, ಬೆಸುಗೆಯಿಲ್ಲದೆ ಚುಚ್ಚಿ ಜೋಡಿಸುವ ನಾಲ್ಕು ಬ್ರೆಡ್‌ಬೋರ್ಡ್‌ಗಳ ಮೇಲೆ ಎಲ್ಲ ಮುಗಿಯಿತು. ಲೈಟ್ ಆರಿಸಿದೆವು. ಮೊದಲು ಚೆಲ್ಲಾಪಿಲ್ಲಿ. ಒಂದು ನಿಮಿಷ ಆಗುವಷ್ಟರಲ್ಲಿ ಹನ್ನೆರಡೂ ಒಟ್ಟಿಗೆ: ಮಿಣಕ್, ಮಿಣಕ್, ಮಿಣಕ್. ರೆಸಿಸ್ಟರುಗಳು ಶೇಕಡ 5ರಷ್ಟು ಆಚೀಚೆ, ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರುಗಳು ಶೇಕಡ 20ರಷ್ಟು ಆಚೀಚೆ, ಆದರೂ ಒಂದೇ ತಾಳ. ಅಮ್ಮ ಬಾಗಿಲಲ್ಲಿ ನಿಂತು ನೋಡಿದರು. "ಏನೋ ಇದು, ಮಾಟ ಗೀಟ ಮಾಡ್ತಿದ್ದೀರಾ?" ನಾವು ವಿಡಿಯೋ ಮಾಡಿಕೊಂಡು, ಗೆದ್ದೆವು ಅಂತ ಮಲಗಿದೆವು.

ಕಣ್ಣು ಕಟ್ಟಿದರೂ

ಬೆಳಿಗ್ಗೆ ಕಾಫಿ ಕುಡಿಯುತ್ತ ಅಕ್ಕನ ಮಗಳು ಒಂದು ಮಾತು ಹೇಳಿದಳು. "ಕಂಟ್ರೋಲ್ ಬೇಕಲ್ವಾ ಮಾಮ? ಎಲ್‌ಡಿಆರ್ ಎಲ್ಲ ಮುಚ್ಚಿಬಿಡೋಣ. ತಾಳ ತಪ್ಪಬೇಕು."

ಕಪ್ಪು ಇನ್ಸುಲೇಷನ್ ಟೇಪನ್ನು ಸಣ್ಣಗೆ ಕತ್ತರಿಸಿ ಹನ್ನೆರಡು ಎಲ್‌ಡಿಆರ್‌ಗಳ ಮುಖಕ್ಕೂ ಸುತ್ತಿದೆ. ಮೇಲೆ ಕಪ್ಪು ಬಟ್ಟೆ ಹೊದಿಸಿ, ಒಂದು ತುದಿ ಎತ್ತಿ ಇಣುಕಿ ನೋಡಿದೆವು. ಮಿಣಕ್, ಮಿಣಕ್, ಮಿಣಕ್. ಹನ್ನೆರಡೂ ಒಟ್ಟಿಗೆ. ಕುರುಡರು ತಾಳ ತಪ್ಪದೆ ಭಜನೆ ಮಾಡುತ್ತಿದ್ದರು.

ಬೆಳಕಿನಲ್ಲಿ ಮಾತಾಡಿಕೊಳ್ಳುತ್ತಿದ್ದಾರೆ ಅಂತ ನಾವು ಅಂದುಕೊಂಡಿದ್ದೇ ಸುಳ್ಳು. ಹಾಗಾದರೆ ಬೇರೆ ದಾರಿ ಯಾವುದು?

ಮಲ್ಟಿಮೀಟರ್ ಇಟ್ಟೆ. ಸಪ್ಲೈ ಅಲುಗಾಡದೆ ನಿಂತಿದೆ. ಮಲ್ಟಿಮೀಟರನ್ನು ಇಂಥ ಕಡೆ ನಂಬಬಾರದು. ಅದು ಸರಾಸರಿ ಹೇಳುವ ಯಂತ್ರ. ಗುಜರಿಯಲ್ಲಿ ಕೊಂಡು ಸರಿಮಾಡಿಕೊಂಡ, ವೋಲ್ಟೇಜಿನ ಏರಿಳಿತವನ್ನು ಪರದೆ ಮೇಲೆ ಗೆರೆಯಾಗಿ ತೋರಿಸುವ 20 ಮೆಗಾಹರ್ಟ್ಸ್ ಸಿಆರ್‌ಓ ಒಂದಿದೆ. ಅದರ ಪ್ರೋಬನ್ನು ಮೂರನೇ ಬ್ರೆಡ್‌ಬೋರ್ಡಿನ ಕೆಂಪು ಸಾಲಿಗೆ ಹಿಡಿದು, ಎಸಿ ಕಪ್ಲಿಂಗಿಗೆ ಹಾಕಿ, ಟೈಂಬೇಸ್ ತಿರುಗಿಸಿದೆ. ಸಿಕ್ಕಿತು. ಪ್ರತಿ ಮಿಣುಕಿಗೂ ಸಪ್ಲೈನಲ್ಲಿ ಸೂಜಿ ಚುಚ್ಚಿದಂಥ ಒಂದು ಕುಳಿ.

555ರ ಈ ಚಾಳಿ ಹಳಬರಿಗೆಲ್ಲ ಗೊತ್ತು, ನಾನೂ ಬಲ್ಲೆ, ಆದರೂ ಮರೆತೆ. ಅದರ ಔಟ್‌ಪುಟ್ ಮೇಲಿಂದ ಕೆಳಕ್ಕೆ ಮಗುಚುವಾಗ ಒಳಗಿನ ಎರಡೂ ಟ್ರಾನ್ಸಿಸ್ಟರುಗಳು ಒಂದು ಕ್ಷಣ ಒಟ್ಟಿಗೆ ತೆರೆದಿರುತ್ತವೆ. ಆ ಕ್ಷಣಕ್ಕೆ ಸಪ್ಲೈಯಿಂದ ಗ್ರೌಂಡಿಗೆ ನೇರ ದಾರಿ, ಕರೆಂಟ್ ಹಠಾತ್ತನೆ ಏರುತ್ತದೆ. ನನ್ನ ಬ್ಯಾಟರಿ ಗಟ್ಟಿ. ಆದರೆ ಅಲ್ಲಿಂದ ಬರುವ ತಂತಿ ಸಣ್ಣದು, ಉದ್ದ ಬೇರೆ. ಅದೂ ನಾಲ್ಕು ಬ್ರೆಡ್‌ಬೋರ್ಡುಗಳನ್ನು ಒಂದರ ಬಾಲಕ್ಕೆ ಒಂದು ಕಟ್ಟಿದ್ದೆ. ಸಪ್ಲೈ ಕುಸಿದರೆ ಅದರ ಮೂರರಲ್ಲಿ ಎರಡು ಪಾಲಾದ ಹೊಸ್ತಿಲೂ ಕುಸಿಯುತ್ತದೆ. ಕೆಪ್ಯಾಸಿಟರಿನಲ್ಲಿ ತುಂಬಿದ ಚಾರ್ಜ್ ಮಾತ್ರ ಹಾಗೇ ಇರುತ್ತದೆ. ಹೊಸ್ತಿಲ ಹತ್ತಿರ ನಿಂತವರೆಲ್ಲ ಕಾಲು ಎತ್ತದೆಯೇ ಒಳಗೆ ಬಂದ ಹಾಗಾಯಿತು. ಒಬ್ಬ ಮಿಡಿದರೆ ಉಳಿದವರ ಹೊಸ್ತಿಲೇ ತಗ್ಗುತ್ತಿತ್ತು.

ರಿಪೇರಿ ದೊಡ್ಡದೇನಲ್ಲ. ಎಲ್ಲವನ್ನೂ ಬ್ರೆಡ್‌ಬೋರ್ಡಿನಿಂದ ಕಿತ್ತು ವೆರೋಬೋರ್ಡಿಗೆ ಬೆಸುಗೆ ಹಾಕಿದೆ. ಮಳೆಗಾಲದ ತೇವಕ್ಕೆ ಬ್ರೆಡ್‌ಬೋರ್ಡಿನ ಸಂಪರ್ಕಗಳೂ ಕೈಕೊಡುತ್ತವೆ, ಹೇಗಿದ್ದರೂ ಮಾಡಲೇಬೇಕಿದ್ದ ಕೆಲಸ. ಪ್ರತಿ 555ರ ಒಂದು ಮತ್ತು ಎಂಟನೇ ಪಿನ್ ನಡುವೆ, ಕಾಲು ಎಷ್ಟು ಗಿಡ್ಡ ಆಗುತ್ತೋ ಅಷ್ಟು ಗಿಡ್ಡ ಮಾಡಿ, 104 ಅಂತ ಬರೆದಿರುವ ಡಿಸ್ಕ್ ಕೆಪ್ಯಾಸಿಟರ್. ಅದರ ಬೆನ್ನಿಗೆ 100 ಮೈಕ್ರೋಫ್ಯಾರಡ್‌ನದೊಂದು. ಸಪ್ಲೈ ತಂತಿ ಒಬ್ಬರಿಂದ ಒಬ್ಬರಿಗೆ ಹೋಗುವುದು ಬಿಟ್ಟು, ಬ್ಯಾಟರಿಯಿಂದ ಪ್ರತಿಯೊಬ್ಬರಿಗೂ ಬೇರೆ ಬೇರೆ. ನೋಡಲು ಜೇಡರ ಬಲೆ, ಆದರೆ ಕುಳಿ ಹೋಯಿತು.

ಟೇಪ್ ಸುತ್ತಿದ್ದಾಗ ಈಗ ತಾಳ ತಪ್ಪುತ್ತದೆ. ಟೇಪ್ ಬಿಚ್ಚಿದರೆ ನಿಧಾನವಾಗಿ ಕೂಡಿಕೊಳ್ಳುತ್ತದೆ. ಮೊದಲ ರಾತ್ರಿಯ ವಿಡಿಯೋ ಅಳಿಸಿ ಹಾಕಿದೆ. ಅಕ್ಕನ ಮಗಳು ಅಳಿಸಿಲ್ಲ, ಅದು ಬೇರೆ ಮಾತು.

ಹೂಮಳೆ ಮತ್ತು ಮಿಣುಕುಹುಳ

ಇದೇ ತಲೆನೋವು ಮೆದುಳಿನ ಪ್ರಯೋಗ ಮಾಡುವವರಿಗೂ ಇದೆ. ಎರಡು ಕೋಶಗಳು ಒಟ್ಟಿಗೆ ಮಿಡಿದರೆ ಅವು ಪರಸ್ಪರ ಮಾತಾಡುತ್ತಿವೆ ಎಂದೇ ಅರ್ಥವಲ್ಲ. ಇಬ್ಬರಿಗೂ ಮೂರನೆಯವನು ಒಂದೇ ಹೊತ್ತಿಗೆ ತಿವಿದಿರಬಹುದು.

ಇದು ಅಮ್ಮನಿಗೆ ನನಗಿಂತ ಬೇಗ ಅರ್ಥವಾಯಿತು. ಆಲ್ದೂರಿನ ಹತ್ತಿರ ನಮ್ಮದು ಸಣ್ಣ ತೋಟ ಇದೆ. ಬೇಸಿಗೆಯಲ್ಲಿ ಕಾಫಿ ಗಿಡದ ಮೊಗ್ಗು ಬಿಸಿಲಿಗೆ ಒಣಗುತ್ತ ಕಾದು ಕೂತಿರುತ್ತದೆ. ಮಾರ್ಚಿನಲ್ಲೋ ಏಪ್ರಿಲಿನಲ್ಲೋ ಒಂದು ಹೂಮಳೆ ಬೀಳಬೇಕು. ಬಿದ್ದು ಎಂಟು–ಹತ್ತು ದಿನಕ್ಕೆ ಒಂದು ಬೆಳಿಗ್ಗೆ ಎದ್ದರೆ ಇಡೀ ಗುಡ್ಡ ಬೆಳ್ಳಗೆ. "ಗಿಡ ಗಿಡ ಮಾತಾಡಿಕೊಂಡು ಹೂ ಬಿಡ್ತಾವಾ? ಮಳೆ ಹೇಳಿತು, ಬಿಟ್ವು" ಅಂದರು. ಮಿಣುಕುಹುಳ ಹಾಗಲ್ಲ, ಅವು ಒಂದನ್ನೊಂದು ನೋಡುತ್ತವೆ. ದೂರದಿಂದ ನೋಡುವವನಿಗೆ ಎರಡೂ ಒಂದೇ ಥರ, ಎಲ್ಲ ಒಟ್ಟಿಗೆ.

ಇವನ್ನು ಬೇರೆ ಮಾಡಲು ಪ್ರಯೋಗದವರು ಒಂದು ಉಪಾಯ ಮಾಡುತ್ತಾರೆ. ಒಂದೇ ಪ್ರಚೋದನೆಯನ್ನು ಹಲವು ಸಲ ಕೊಡುತ್ತಾರೆ. ಆಮೇಲೆ ಮೊದಲ ಕೋಶದ ಇವತ್ತಿನ ದಾಖಲೆಯನ್ನು ಎರಡನೇ ಕೋಶದ ಮುಂದಿನ ಸಲದ ದಾಖಲೆಯ ಪಕ್ಕ ಇಡುತ್ತಾರೆ. ಬೇರೆ ಬೇರೆ ಸಲದ್ದನ್ನು ಜೋಡಿಸಿದರೂ ತಾಳ ಉಳಿದರೆ ಅದು ಹೂಮಳೆ, ಪ್ರಚೋದನೆಯಿಂದ ಬಂದದ್ದು. ತಾಳ ಮಾಯವಾದರೆ ಅದು ಪ್ರಚೋದನೆಯಿಂದ ಬಂದದ್ದಲ್ಲ, ಮಿಣುಕುಹುಳ ಇರಬಹುದು, ಅವರೊಳಗಿನ ಮಾತು. ಕಾಸು ಖರ್ಚಿಲ್ಲದ ಉಪಾಯ. ನಾವೂ ಫೋನಿನಲ್ಲಿ ಎರಡು ವಿಡಿಯೋ ಮಾಡಿ, ಇದರ ಮೂರನೇ ದೀಪವನ್ನು ಅದರ ಒಂಬತ್ತನೇ ದೀಪದ ಪಕ್ಕ ಇಟ್ಟು ನೋಡಿದೆವು. ತಾಳ ಇರಲಿಲ್ಲ. ಆಗ ಸಮಾಧಾನವಾಯಿತು.

ಗದ್ದಲ ಕೊಂಡು ತರುವುದು

ಇಲ್ಲಿಯವರೆಗೆ ನಮ್ಮವು ಗಡಿಯಾರಗಳು, ತಾವಾಗಿಯೇ ಮಿಡಿಯುವಂಥವು. ಮೆದುಳಿನ ಬಹಳಷ್ಟು ಕೋಶಗಳು ಹೊಸ್ತಿಲ ಕೆಳಗೆ ಕಾಯುತ್ತ ಕೂತಿರುತ್ತವೆ. ಸುಮಾರು ಮೈನಸ್ 70 ಮಿಲಿವೋಲ್ಟಿನಲ್ಲಿ ವಿಶ್ರಾಂತಿ, ಮೈನಸ್ 55ರ ಹತ್ತಿರ ಹೊಸ್ತಿಲು. ಒಂದು ಸಿನಾಪ್ಸಿನಿಂದ (ಎರಡು ಕೋಶ ಕೂಡುವ ಜಾಗ) ಬರುವ ತಳ್ಳು ಸಾಮಾನ್ಯವಾಗಿ ಒಂದು ಮಿಲಿವೋಲ್ಟಿಗಿಂತ ಕಡಿಮೆ. ಲೆಕ್ಕ ಹಾಕಿ. ಒಬ್ಬನಿಂದ ಏನೂ ಆಗದು, ಹತ್ತಾರು ಮಂದಿ ಸೋರಿ ಹೋಗುವ ಮೊದಲೇ ಒಟ್ಟಿಗೆ ತಳ್ಳಬೇಕು.

ಹಾಗಾಗಿ ಪ್ರತಿ ಕೆಪ್ಯಾಸಿಟರಿಗೂ ಅಡ್ಡಲಾಗಿ 180ಕೆ ಹಾಕಿದೆ. ಇದೇ ಸೋರಿಕೆ. ಈಗ ಕೆಪ್ಯಾಸಿಟರ್ ತುಂಬಿ ತುಂಬಿ 7.6 ವೋಲ್ಟಿನ ಹತ್ತಿರ ನಿಂತುಬಿಡುತ್ತದೆ. ಹೊಸ್ತಿಲು 8. ನಡುವೆ ಸುಮಾರು 0.4 ವೋಲ್ಟ್. ಬೋರ್ಡ್ ಪೂರ್ತಿ ಕತ್ತಲು.

ಇನ್ನು ಗದ್ದಲ, ಅಂದರೆ ಗೊತ್ತುಗುರಿಯಿಲ್ಲದ ವಿದ್ಯುತ್ ಏರಿಳಿತ. ನಿಜವಾದ ನರಕೋಶದಲ್ಲಿ ಅದು ಬೇಡವೆಂದರೂ ಇರುತ್ತದೆ. ಅಯಾನುಗಳು ಹೋಗುವ ಬಾಗಿಲುಗಳು ತಮಗೆ ತೋಚಿದಂತೆ ತೆರೆದು ಮುಚ್ಚುತ್ತವೆ. ಮಿಡಿತ ಬಂದರೂ ಸಿನಾಪ್ಸ್ ಎಷ್ಟೋ ಸಲ ರಾಸಾಯನಿಕವನ್ನು ಬಿಡುವುದೇ ಇಲ್ಲ. ನಮಗೆ ಮಾತ್ರ ಗದ್ದಲವನ್ನು ಮಾಡಿಕೊಳ್ಳಬೇಕಿತ್ತು. ಬಿಸಿ547 ಟ್ರಾನ್ಸಿಸ್ಟರಿನ ಎಮಿಟರ್–ಬೇಸ್ ಜೋಡಣೆಯನ್ನು ತಲೆಕೆಳಗಾಗಿ ಕಟ್ಟಿ, ಕಲೆಕ್ಟರನ್ನು ಸುಮ್ನೆ ಬಿಟ್ಟು, ದೊಡ್ಡ ರೆಸಿಸ್ಟರ್ ಮೂಲಕ ವೋಲ್ಟೇಜ್ ಕೊಟ್ಟರೆ ಆ ಜೋಡಣೆ ಒಡೆದು ಗರಗರ ಶುರುಮಾಡುತ್ತದೆ. ಟ್ರಾನ್ಸಿಸ್ಟರಿಗೆ ಒಳ್ಳೆಯದಲ್ಲ, ಆದರೆ ಎರಡು ಮೂರು ರೂಪಾಯಿಯ ಮಾಲು.

ಮೊದಲು ಮೇಜಿನ ಮೇಲೆ ಒಂದನ್ನು 9 ವೋಲ್ಟ್ ಬ್ಯಾಟರಿಗೆ ಹಾಕಿ ನೋಡಿದೆ. ಸ್ಮಶಾನ ಮೌನ. ಬೆಸುಗೆ ತಪ್ಪಿದೆಯೇನೋ ಅಂತ ಅರ್ಧ ಗಂಟೆ ಹುಡುಕಿದೆ. ಬೆಸುಗೆ ಸರಿಯಾಗಿಯೇ ಇತ್ತು, ವೋಲ್ಟೇಜ್ ಸಾಲದಾಗಿತ್ತು. ನನ್ನ ಡಬ್ಬಿಯಲ್ಲಿದ್ದವು 9 ವೋಲ್ಟ್ ದಾಟಿದ ಮೇಲೆಯೇ ಬಾಯಿ ಬಿಟ್ಟವು. 12ಕ್ಕೆ ಹಾಕಿ, ಎಲ್‌ಎಂ358ರಿಂದ ದೊಡ್ಡದು ಮಾಡಿ, ಸ್ಪೀಕರಿಗೆ ಕೊಟ್ಟರೆ ಶೀಟಿನ ಮಾಡಿನ ಮೇಲೆ ಸಣ್ಣ ಮಳೆ ಬಿದ್ದ ಸದ್ದು. ಎಲ್ಲ ಟ್ರಾನ್ಸಿಸ್ಟರೂ ಒಂದೇ ಥರ ಗದ್ದಲ ಮಾಡುವುದಿಲ್ಲ. ಮೂವತ್ತನ್ನು ಪರೀಕ್ಷಿಸಿ ಹನ್ನೆರಡನ್ನು ಆರಿಸಿದೆ. ಆಮೇಲೆ ಪ್ರತಿಯೊಂದಕ್ಕೂ ಪ್ರೀಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಒಂದು, ಅಲ್ಲಿಂದ ಕೆಪ್ಯಾಸಿಟರ್ ಮೂಲಕ 555ರ ಐದನೇ ಪಿನ್ನಿಗೆ. ಆ ಪಿನ್ ಹೊಸ್ತಿಲಿನ ಹಿಡಿ. ಅಲ್ಲಿ ಗದ್ದಲ ಕೊಟ್ಟರೆ ಹೊಸ್ತಿಲೇ ನಡುಗುತ್ತದೆ.

ಪ್ರತಿ ಗದ್ದಲಕ್ಕೂ ಸಪ್ಲೈ 100 ಓಮ್ ಮತ್ತು 470 ಮೈಕ್ರೋಫ್ಯಾರಡ್ ದಾಟಿ ಬರಬೇಕು. ಸಪ್ಲೈ ಮೂಲಕ ಹನ್ನೆರಡು ಮಂದಿಗೂ ಒಂದೇ ಗದ್ದಲ ಹೋದರೆ ಮತ್ತೆ ಹೂಮಳೆಯ ಕಥೆ. ಒಮ್ಮೆ ಸುಟ್ಟ ಕೈ.

ಶ್ಯಾನುಭೋಗ

ವೃತ್ತದ ನಡುವೆ ಹದಿಮೂರನೆಯದು. ಇದು ಹನ್ನೆರಡನ್ನೂ ನೋಡಿ ತೀರ್ಮಾನ ಹೇಳಬೇಕು. ಇದಕ್ಕೂ ಎಲ್‌ಡಿಆರ್ ಹಾಕಿದ್ದೆ, ಕೆಲಸಕ್ಕೆ ಬರಲಿಲ್ಲ. ಎಲ್‌ಡಿಆರ್ ಬೆಳಕನ್ನು ಬೇಗ ಕಾಣುತ್ತದೆ, ಆದರೆ ಮರೆಯಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಫೋಟೋ ಟ್ರಾನ್ಸಿಸ್ಟರ್ ಹಾಕಿದೆ. ನೀರಿನಂತೆ ತಿಳಿಯಾಗಿರುವುದನ್ನೇ ಹುಡುಕಬೇಕು. ಕಪ್ಪು ಬಣ್ಣದ್ದು ಕಣ್ಣಿಗೆ ಕಾಣುವ ಬೆಳಕನ್ನು ತಡೆದು ರಿಮೋಟಿನ ಬೆಳಕನ್ನು ಮಾತ್ರ ಒಳಗೆ ಬಿಡುತ್ತದೆ. ಅದರ ಮೇಲೆ ಬಟರ್ ಪೇಪರಿನ ಟೋಪಿ, ಎಲ್ಲ ದಿಕ್ಕಿನ ಬೆಳಕೂ ಬೀಳಲಿ ಅಂತ. ಔಟ್‌ಪುಟ್ ಹಳೆಯ ರೇಡಿಯೋದ ಸ್ಪೀಕರಿಗೆ. ಮಿಡಿದರೆ ಟಿಕ್.

ಕೆಪ್ಯಾಸಿಟರ್ ಎಷ್ಟು ಹಾಕುವುದು? ಕೈಗೆ ಸಿಕ್ಕಿದ 100 ಮೈಕ್ರೋಫ್ಯಾರಡ್ ಹಾಕಿದೆ. ಸೋರಿಕೆಯ ಲೆಕ್ಕದಲ್ಲಿ ಇದಕ್ಕೆ ಆರೇಳು ಸೆಕೆಂಡಿನ ನೆನಪು. ಯಾರು ಯಾವಾಗ ಮಿಣುಕಿದರೂ ಕೂಡಿಸಿಕೊಳ್ಳುತ್ತ ಹೋಗುತ್ತದೆ. "ಶ್ಯಾನುಭೋಗರ ಥರ, ಬಂದವರ ಹೆಸರೆಲ್ಲ ಬರ್ಕೊಳ್ತಾ ಕೂತಿದೆ" ಅಂದಳು. ಆ ಹೆಸರೇ ನಿಂತಿತು.

ಸಿಗ್ನಲ್ ಅಂದರೆ ಟಾರ್ಚ್. ನಾಲ್ಕು ಮಡಿಕೆ ಬಟರ್ ಪೇಪರ್ ಸುತ್ತಿ, ಮೇಲಿಂದ ಹನ್ನೆರಡರ ಮೇಲೂ ಬೀಳುವ ಹಾಗೆ ಇಟ್ಟೆವು. ಬೆಳಕು ಎಷ್ಟು ಸಣ್ಣದೆಂದರೆ ಕೆಪ್ಯಾಸಿಟರ್ 7.6ರಿಂದ 7.8ಕ್ಕೆ ಏರುತ್ತದೆ, ಅಷ್ಟೇ. ಗದ್ದಲ ಸೊನ್ನೆ ಮಾಡಿ ಟಾರ್ಚ್ ಹಾಕಿದರೆ ಏನೂ ಇಲ್ಲ. ಹನ್ನೆರಡೂ ಹೊಸ್ತಿಲ ಕೆಳಗೆ ಮೂಕ. ಈಗ ಗದ್ದಲದ ಪ್ರೀಸೆಟ್ಟುಗಳನ್ನು ಸ್ವಲ್ಪ ತಿರುಗಿಸಿ. ಟಾರ್ಚ್ ಇಲ್ಲದಾಗ ಅಲ್ಲೊಂದು ಇಲ್ಲೊಂದು ಮಿಣುಕು. ಟಾರ್ಚ್ ಹಾಕಿದರೆ ಮಿಣುಕು ಜಾಸ್ತಿ. ಗದ್ದಲ ಇಲ್ಲದಿದ್ದಾಗ ದಾಟದ ಸಿಗ್ನಲ್ಲು ಗದ್ದಲದ ಬೆನ್ನು ಹತ್ತಿ ದಾಟಿತು. ಮೂವತ್ತು ವರ್ಷ ಗದ್ದಲವನ್ನು ತೆಗೆಯುವುದೇ ಕೆಲಸ ಮಾಡಿಕೊಂಡ ನನಗೆ ಇದು ಸ್ವಲ್ಪ ಮುಜುಗರದ ವಿಷಯ. 1993ರಲ್ಲಿ ಸಿಹಿನೀರಿನ ಸಿಗಡಿ ಜಾತಿಯ ಒಂದು ಪ್ರಾಣಿಯಲ್ಲಿ, ನೀರಿನ ಅಲುಗಾಟ ಹಿಡಿಯುವ ರೋಮಗಳ ನರದಲ್ಲಿ, ಇದನ್ನೇ ತೋರಿಸಿದ್ದಾರೆ.

ಇನ್ನೂ ಎಲ್‌ಡಿಆರ್‌ಗಳ ನಡುವೆ, ಈ ಪ್ರಯೋಗಕ್ಕೆಂದೇ ನಿಲ್ಲಿಸಿದ, ರಟ್ಟಿನ ಗೋಡೆ ಇತ್ತು, ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಶ್ಯಾನುಭೋಗ ಟಾರ್ಚನ್ನು ಗುರುತಿಸಿದ. ಆದರೆ ಟಾರ್ಚ್ ಹಾಕಿ ಐದಾರು ಸೆಕೆಂಡ್ ಆದ ಮೇಲೆ ಟಿಕ್. ಟಾರ್ಚ್ ತೆಗೆದ ಮೇಲೂ ಒಂದು ಟಿಕ್. ಹಾವು ಕಂಡರೆ ಹಾರಬೇಕಾದ ಪ್ರಾಣಿಗೆ ಈ ವೇಗ ಸಾಲದು.

100 ತೆಗೆದು 1 ಮೈಕ್ರೋಫ್ಯಾರಡ್ ಹಾಕಿದೆ. ಈಗ ನೆನಪು ಸೆಕೆಂಡಿನ ಹದಿನೈದರಲ್ಲಿ ಒಂದು ಪಾಲು, ಎರಡು ಮಿಣುಕಿನಷ್ಟು. ನಾಲ್ಕೈದು ಮಂದಿ ಆ ಕಿಂಡಿಯೊಳಗೆ ಒಟ್ಟಿಗೆ ಮಿಣುಕಿದರೆ ಮಾತ್ರ ಟಿಕ್ ಆಗುವ ಹಾಗೆ ಪ್ರೀಸೆಟ್ ಹೊಂದಿಸಿದೆ. ಟಾರ್ಚ್ ಹಾಕಿದೆ. ಮಿಣುಕು ಬೇಕಾದಷ್ಟು, ಟಿಕ್ ಇಲ್ಲ. ಒಬ್ಬೊಬ್ಬರೇ ಬಂದು ಹೋಗುತ್ತಿದ್ದರು, ಇವನು ಒಬ್ಬರನ್ನು ಮರೆತ ಮೇಲೆ ಇನ್ನೊಬ್ಬರು ಬರುತ್ತಿದ್ದರು.

ರಟ್ಟಿನ ಗೋಡೆಗಳನ್ನು ಕಿತ್ತೆವು.

ಟಾರ್ಚ್ ಇಲ್ಲ: ಐದನೆಯವನು ಮಿಣುಕಿದ, ಪಕ್ಕದವರಿಗೆ ಒಂದು ಗುಟುಕು ಹೋಯಿತು, ಅವರಿಗೆ 0.4 ವೋಲ್ಟ್ ದಾಟಲು ಸಾಲಲಿಲ್ಲ, ಅಲ್ಲಿಗೇ ಆರಿತು. ಟಾರ್ಚ್ ಇದೆ: ಅದೇ ಐದನೆಯವನು ಮಿಣುಕಿದ, ಈಗ ಎಲ್ಲರಿಗೂ ದಾಟಬೇಕಾದ್ದು 0.2 ಮಾತ್ರ, ಆರು, ನಾಲ್ಕು, ಏಳು, ಮೂರು, ಸರಸರ ಅಂತ ಬೆಳಕು ವೃತ್ತ ಸುತ್ತಿತು. ಟಿಕ್.

ಅಕ್ಕನ ಮಗಳು ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟಳು. ಮತ್ತೆ ಮಾಡಿ ಅಂದಳು. ಹತ್ತು ಸಲ ಮಾಡಿದೆವು. ಎಂಟು ಸಲ ಒಂದೆರಡು ಸೆಕೆಂಡಿನೊಳಗೆ ಟಿಕ್, ಎರಡು ಸಲ ಕೈಕೊಟ್ಟಿತು. ಟಾರ್ಚ್ ಇಲ್ಲದೆ ಐದು ನಿಮಿಷ ಬಿಟ್ಟಾಗ ಒಂದೇ ಒಂದು ಸುಳ್ಳು ಟಿಕ್. ಹನ್ನೆರಡು ಮಂದಿಯಲ್ಲಿ ಯಾವ ಒಬ್ಬನನ್ನೂ ನಂಬುವ ಹಾಗಿಲ್ಲ, ಯಾವಾಗ ಮಿಣುಕುತ್ತಾನೋ ಅವನಿಗೇ ಗೊತ್ತಿಲ್ಲ. ಆದರೂ ಹದಿಮೂರನೆಯವನ ಟಿಕ್ ನಂಬಬಹುದು. ಹನ್ನೆರಡರಲ್ಲಿ ಏನೂ ಬದಲಾಯಿಸಿರಲಿಲ್ಲ ಅನ್ನುವುದನ್ನು ಗಮನಿಸಿ. ಗೋಡೆ ತೆಗೆದದ್ದು ಒಂದು, ಕೇಳುವವನ ಕೆಪ್ಯಾಸಿಟರ್ ಸಣ್ಣದಾಗಿದ್ದು ಇನ್ನೊಂದು. ಮೆದುಳಿನ ಕೋಶದ ಇಂಥ ನೆನಪು 10–20 ಮಿಲಿಸೆಕೆಂಡಿನದು. ಆ ಒಂದು ಸಂಖ್ಯೆಯ ಮೇಲೇ ಇಡೀ ಜಗಳ ನಿಂತಿದೆ ಅಂತ ನನಗೀಗ ಅನ್ನಿಸುತ್ತದೆ. ಉದ್ದ ನೆನಪಿನವನು ಎಣಿಸುತ್ತಾನೆ, ಗಿಡ್ಡ ನೆನಪಿನವನು ತಾಳ ಕೇಳುತ್ತಾನೆ.

ಮೊದಲು ಮಿಣುಕುವವನು ಯಾಕೆ ಯಾವಾಗಲೂ ಅವನೇ?

ಗದ್ದಲ ಎಲ್ಲರಿಗೂ ಇದೆ, ಶುರು ಯಾರಿಂದಾದರೂ ಆಗಬೇಕು. ಆದರೆ ನಮ್ಮಲ್ಲಿ ಹೆಚ್ಚುಪಾಲು ಐದು ಅಥವಾ ಆರರಿಂದಲೇ ಶುರು. ಅವರ ಗದ್ದಲದ ಟ್ರಾನ್ಸಿಸ್ಟರನ್ನು ಬದಲಿಸಿದೆ. ಆಗಲೂ ಅವರೇ. ಸೋರಿಕೆಯ ರೆಸಿಸ್ಟರ್ ಅಳೆದೆ, ಸರಿಯಿದೆ. ಕೊನೆಗೆ ಕಂಡದ್ದು ಮೇಜಿನ ಆ ಬದಿಗೆ ಒರಗಿಸಿಟ್ಟಿದ್ದ ಅಮ್ಮನ ಸ್ಟೀಲ್ ಡಬ್ಬಿಯ ಮುಚ್ಚಳ. ಬೇರೆಯವರ ಮಿಣುಕೆಲ್ಲ ಅದಕ್ಕೆ ತಾಗಿ ಇವರಿಬ್ಬರ ಮೇಲೆ ವಾಪಸ್ ಬೀಳುತ್ತಿತ್ತು. ಎಲ್ಲರ ಗದ್ದಲವೂ ಇವರ ಹತ್ತಿರ ಬಂದು ಸೇರುತ್ತಿತ್ತು.

ಮುಚ್ಚಳವನ್ನು ಹನ್ನೊಂದರ ಪಕ್ಕಕ್ಕೆ ಇಟ್ಟರೆ ಹನ್ನೊಂದು ಮುಂದಾಳು.

ಇದನ್ನು ಕೇಳಿ ಅಕ್ಕನ ಮಗಳು ಕುಣಿದಾಡಿದಳು. 2013ರಲ್ಲಿ ಬಾರ್ಸಿಲೋನಾದ ಗುಂಪೊಂದು ಗಾಜಿನ ತಟ್ಟೆಯಲ್ಲಿ ಇಲಿಯ ನರಕೋಶಗಳನ್ನು ಬೆಳೆಸಿ ಇಂಥದ್ದೇ ಕಂಡಿದೆಯಂತೆ. ತಟ್ಟೆಯ ಕೋಶಗಳು ತಾವೇ ಬಳ್ಳಿ ಚಾಚಿ ಜಾಲ ಕಟ್ಟಿಕೊಳ್ಳುತ್ತವೆ. ಹೊರಗಿನಿಂದ ಯಾರೂ ಏನೂ ಹೇಳದಿದ್ದರೂ ಆಗಾಗ ಒಟ್ಟಿಗೆ ಮಿಡಿಯುತ್ತವೆ. ಅಲೆ ಎಲ್ಲೆಂದರಲ್ಲಿಂದ ಶುರುವಾಗುವುದಿಲ್ಲ, ಕೆಲವೇ ಜಾಗಗಳಿಂದ ಶುರುವಾಗುತ್ತದೆ. ಜಾಲ ಹೆಣೆದುಕೊಂಡ ರೀತಿಯಿಂದ ಗದ್ದಲ ಆ ಜಾಗಗಳಿಗೆ ಹರಿದು ಸೇರುತ್ತದೆ ಎಂದು ಅವರ ವಿವರಣೆ. ನಮ್ಮಲ್ಲಿ ಆ ಕೆಲಸವನ್ನು ಉಪ್ಪಿನಕಾಯಿ ಡಬ್ಬಿಯ ಮುಚ್ಚಳ ಮಾಡಿತು.

ಫಿಟ್ಸ್

ಆಮೇಲೆ ಸ್ವಲ್ಪ ದುರಾಸೆ. ಟಿಕ್ ಹತ್ತಕ್ಕೆ ಹತ್ತು ಆಗಲಿ ಅಂತ ಎಲ್‌ಡಿಆರ್‌ಗಳನ್ನು ಬಗ್ಗಿಸಿ ಪಕ್ಕದ ಎಲ್‌ಇಡಿಗೆ ಮುಖ ಮಾಡಿಸಿದೆ. ಒಂದು ಮಿಣುಕು ಸಾಕು, ಹನ್ನೆರಡೂ ಹೊತ್ತಿಕೊಂಡವು. ಖಾಲಿಯಾಗಿ, ತುಂಬಿಕೊಂಡು, ಮತ್ತೆ ಒಬ್ಬ ಎಡವಿದ ತಕ್ಷಣ ಎಲ್ಲ. ಟಿಕ್, ಟಿಕ್, ಟಿಕ್. ಟಾರ್ಚ್ ಹಾಕಿದರೂ ಟಿಕ್, ತೆಗೆದರೂ ಟಿಕ್. ಮೊದಲ ರಾತ್ರಿ ನೋಡಿ ಹಿಗ್ಗಿದ್ದೆವಲ್ಲ, ಅದೇ ಚೆಂದದ ತಾಳ. ಅದರಲ್ಲಿ ಯಾವ ಸುದ್ದಿಯೂ ಇಲ್ಲ. ತಾಳ ಕೂಡುವುದರಲ್ಲೂ ಬಿಡುವುದರಲ್ಲೂ ಸುದ್ದಿ ಇರುತ್ತದೆ, ಬಿಡದ ತಾಳ ಬರೀ ಗಡಿಯಾರ. ಮೆದುಳಿನ ದೊಡ್ಡ ಭಾಗವೊಂದು ಹೀಗೆ ಬಿಡದೆ ಒಟ್ಟಿಗೆ ಮಿಡಿದರೆ ಅದಕ್ಕೆ ಫಿಟ್ಸ್ ಅಂತಾರೆ ಮಾಮ, ಅಂದಳು. ಗದ್ದಲ ಜಾಸ್ತಿ ಮಾಡಿ ತಾಳ ಒಡೆಯಲು ನೋಡಿದೆ. ಟಿಕ್ ಇನ್ನೂ ಜಾಸ್ತಿಯಾಯಿತು. ಅದೂ ದಾರಿಯಲ್ಲ.

ಮೆದುಳಿನ ಹೊರಪದರದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಕೋಶಗಳು ತಳ್ಳುವುದಿಲ್ಲ, ತಡೆಯುತ್ತವೆ. ನಮ್ಮ ಬೋರ್ಡಿನಲ್ಲಿ ತಡೆಯುವವರೇ ಇರಲಿಲ್ಲ. ಮಾಡುವುದು ಕಷ್ಟವಲ್ಲ. ಎಲ್‌ಡಿಆರ್‌ ಸಪ್ಲೈ ಕಡೆಗಿದ್ದರೆ ಬೆಳಕು ತುಂಬಿಸುತ್ತದೆ. ಅದನ್ನೇ ಕೆಪ್ಯಾಸಿಟರಿನಿಂದ ಗ್ರೌಂಡಿಗೆ ಹಾಕಿದರೆ ಬೆಳಕು ಸೋರಿಸುತ್ತದೆ. ಮೂರು ಹೊಸ 555 ವೃತ್ತದ ಹೊರಗೆ ಕೂರಿಸಿ, ಅವುಗಳ ಎಲ್‌ಇಡಿಗೆ ಕಪ್ಪು ರಟ್ಟಿನ ಕೊಳವೆ ತೊಡಿಸಿ, ಆ ಬೆಳಕು ಈ ತಡೆಯುವ ಎಲ್‌ಡಿಆರ್‌ಗಳಿಗೆ ಮಾತ್ರ ಬೀಳುವ ಹಾಗೆ ಮಾಡಬೇಕು. ಹನ್ನೆರಡಕ್ಕೂ ತಡೆ ಬೇಕೆಂದರೆ ಹನ್ನೆರಡು ಎಲ್‌ಡಿಆರ್ ಬೇಕು. ಡಬ್ಬಿಯಲ್ಲಿ ಉಳಿದದ್ದು ನಾಲ್ಕು.

ನಾಲ್ಕನ್ನೇ ಹಾಕಿದೆ: ಎರಡು, ಐದು, ಎಂಟು, ಹನ್ನೊಂದಕ್ಕೆ. ಫಿಟ್ಸ್ ನಿಂತಿಲ್ಲ, ಆದರೆ ನಡುವೆ ಎಡವುತ್ತಿದೆ. ಮೂರು ಟಿಕ್, ಒಂದು ಬಿಡುವು, ಎರಡು ಟಿಕ್. ಅಕ್ಕನ ಮಗಳು ಸೋಮವಾರ ಬೆಳಗಿನ ಬಸ್ಸಿಗೆ ಹೊರಟಳು. ಬೋರ್ಡನ್ನು ಇಲ್ಲೇ ಬಿಟ್ಟು ಹೋಗಿದ್ದಾಳೆ. ಬರುವಾಗ ಎರಡು ಡಜನ್ ಎಲ್‌ಡಿಆರ್ ತರಲು ಹೇಳಿದ್ದೇನೆ. ಮುಚ್ಚಳವನ್ನು ಅಮ್ಮ ವಾಪಸ್ ಕೇಳಿದ್ದಾರೆ.